ಕುಲುಮೆಯಿಂದ ಮೋಟಾರು ಸೈಕಲ್ಲಿಗೆ

ಹಾಸನ ಸೀಮೆಯ ಚರಿತ್ರೆಯನ್ನು ಬರೆಯ ಹೊರಟವರು ಕಲ್ಲಿನಿಂದ ಮೊದಲು ಮಾಡಿ ಕಲ್ಲಿನಲ್ಲಿಯೇ ಮುಗಿಸುವುದು ವಾಡಿಕೆ. ಬೇಲೂರು ಹಳೇಬೀಡುಗಳನ್ನು ಮಡಿಲಲ್ಲಿಟ್ಟುಕೊಂಡ ನಾಡಿನಲ್ಲಿ ಇದು ಸಹಜವೇ. ನಾನಿರುವ ಊರು ದುದ್ದ. ಮಂಡ್ಯದ ಬಳಿಯೂ ಒಂದು ದುದ್ದ ಉಂಟು. ಇದು ಅದಲ್ಲ, ಹಾಸನ ತಾಲ್ಲೂಕಿನದು. ಇಲ್ಲಿಂದ ಹಾಸನಕ್ಕೆ ಹೋಗುವ ದಾರಿಯ ಮಗ್ಗುಲಿಗೆ ಕೊರವಂಗಲವಿದೆ. ಇಮ್ಮಡಿ ಬಲ್ಲಾಳನು ಪಟ್ಟಕ್ಕೆ ಬಂದ 1173ರಲ್ಲಿ ಅವನ ಅಧಿಕಾರಿ ಬೂಚಿರಾಜನು ಅಲ್ಲಿ ಬೂಚೇಶ್ವರ ದೇವಾಲಯವನ್ನು ಕಟ್ಟಿಸಿದನು. ನಮ್ಮ ಊರಿನ ಮಕ್ಕಳಿಗೆ ಚರಿತ್ರೆಯೆಂದರೆ ಇಂಥ ಒಂದು ಗುಡಿ, ಅದರ ಮುಂದೆ ಒಂದು ಶಾಸನದ ಕಲ್ಲು.

ಹೊಯ್ಸಳರ ಕಾಲದ ಶಿಲ್ಪಿಗಳಿಗೆ ಒಂದು ಒಳ್ಳೆಯ ಅಭ್ಯಾಸವಿತ್ತು. ತಾವು ಕೆತ್ತಿದ ವಿಗ್ರಹದ ಪೀಠದ ಮೇಲೆ ಹೆಸರು ಬರೆಯುತ್ತಿದ್ದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ನುಗ್ಗೇಹಳ್ಳಿ ಸೋಮನಾಥಪುರಗಳಲ್ಲಿ ಮಲ್ಲಿತಮ್ಮ, ಹೀಗೆ ಎಷ್ಟೋ ಹೆಸರುಗಳು ಉಳಿದಿವೆ. ಕೆಲವರು ಬಿರುದುಗಳನ್ನೂ ಸೇರಿಸಿ ಎದುರಾಳಿ ಶಿಲ್ಪಿಗಳನ್ನು ಮೂದಲಿಸಿದ್ದಾರೆ. ಆದರೆ ಉಳಿಯಿಲ್ಲದೆ ಶಿಲ್ಪಿಯಿಲ್ಲ. ಕಲ್ಲಿಗೆ ತಗುಲಿ ಮೊಂಡಾದ ಉಳಿಯನ್ನು ಮತ್ತೆ ಮತ್ತೆ ಕಾಯಿಸಿ, ಬಡಿದು, ಮೊನೆಗೆ ಹದ ಹಾಕಿ ಕೊಟ್ಟವನೊಬ್ಬನು ಆ ಗುಡಿಯ ಬಯಲಿನಲ್ಲಿ ದಿನವೆಲ್ಲ ತಿದಿ ಒತ್ತಿಸುತ್ತ ಕುಳಿತಿದ್ದಿರಲೇಬೇಕು. ಅವನ ಹೆಸರನ್ನು ನಾನು ಯಾವ ಪೀಠದ ಮೇಲೂ ಓದಿಲ್ಲ. ಕಲ್ಲು ಅಕ್ಷರವನ್ನು ಹೊತ್ತುಕೊಳ್ಳುತ್ತದೆ. ಉಳಿ ಸವೆದು ಹೋಗುತ್ತದೆ.

ಈ ಯೋಚನೆ ನನಗೆ ಪುಸ್ತಕದಿಂದ ಬಂದುದಲ್ಲ. ಮೂರು ವರ್ಷಗಳಿಂದ ನಮ್ಮ ಮನೆಯ ಕೊಟ್ಟಿಗೆಯ ಅರ್ಧ ಭಾಗದಲ್ಲಿ ನಾನೊಂದು ಮೋಟಾರು ಸೈಕಲ್ಲನ್ನು ಕಟ್ಟುತ್ತಿದ್ದೇನೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಇದೆಂಥ ಹುಚ್ಚು ಎಂದು ಓದುಗರು ಕೇಳಬಹುದು. ಮನೆಯವರು ಆಗಲೇ ಕೇಳಿದ್ದಾರೆ. ನನ್ನ ತಂದೆಯವರು ದುದ್ದದಿಂದ ಹಾಸನಕ್ಕೆ ಓಡಾಡುತ್ತಿದ್ದ ಹಳೆಯ ಯೆಜ್ಡಿಯ ಎಂಜಿನ್ನೂ ಫ್ರೇಮೂ ಕೊಟ್ಟಿಗೆಯ ಮೂಲೆಯಲ್ಲಿದ್ದವು. ಟಾಂಕಿ ತುಕ್ಕು ಹಿಡಿದು ಜರಡಿಯಾಗಿತ್ತು. ಮಡ್‌ಗಾರ್ಡು, ಸೀಟು, ಹ್ಯಾಂಡಲು ಯಾವುದೂ ಉಳಿದಿರಲಿಲ್ಲ. ಇಲ್ಲದ್ದನ್ನು ಅಂಗಡಿಯಿಂದ ತರದೆ ನಾನೇ ನನ್ನ ಮನಸ್ಸಿಗೆ ಬಂದ ಆಕಾರದಲ್ಲಿ ಮಾಡಿ ಕೂಡಿಸಬೇಕೆಂಬ ಹಟ ಹುಟ್ಟಿತು. ಹಾಗೆ ಹೊರಟಾಗ, ಕಬ್ಬಿಣದ ಕೆಲಸದ ಬಗೆಗೆ ನಮ್ಮ ಗ್ರಂಥಗಳಲ್ಲಿ ಎಷ್ಟು ಕಡಿಮೆ ಬರೆದಿದೆ, ನಮ್ಮ ಊರುಗಳಲ್ಲಿ ಎಷ್ಟು ಹೆಚ್ಚು ತಿಳಿದಿದೆ ಎಂಬುದು ಕಣ್ಣಿಗೆ ಬಿತ್ತು.

ಬರೆದೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮೇಣದ ಅಚ್ಚಿನಿಂದ ಲೋಹದ ಮೂರ್ತಿಯನ್ನು ಎರಕ ಹೊಯ್ಯುವ ಕ್ರಮವನ್ನು ಹೇಳಿದ್ದಾನೆ. ಮೇಣದ ತೂಕಕ್ಕೆ ಯಾವ ಲೋಹ ಎಷ್ಟು ಪಾಲು ಬೇಕೆಂಬ ಲೆಕ್ಕವನ್ನೂ ಕೊಟ್ಟಿದ್ದಾನೆ. ಆದರೆ ಅದು ದೇವರ ಮೂರ್ತಿಯ ಮಾತು, ಅದೂ ಸಂಸ್ಕೃತದಲ್ಲಿ. ನೇಗಿಲ ಕುಳದ ಮಾತನ್ನು ದೊರೆ ಏಕೆ ಬರೆದಾನು?

ಮೈಸೂರು ಸೀಮೆಯ ಕಬ್ಬಿಣದ ಕೆಲಸವನ್ನು ಕಣ್ಣಾರೆ ಕಂಡು ವಿಸ್ತಾರವಾಗಿ ಬರೆದವನು ಹೊರಗಿನವನು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಈ ಸೀಮೆಯನ್ನು ಸುತ್ತಿದನು. ಅವನ ಪ್ರವಾಸದ ಗ್ರಂಥ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಕಪ್ಪು ಮರಳನ್ನು ಇದ್ದಿಲಿನೊಡನೆ ಕಾಯಿಸಿ ಕಬ್ಬಿಣ ತೆಗೆಯುವವರನ್ನು ಅವನು ಕಂಡನು. ಮಧುಗಿರಿಯ ಕಡೆ ಉಕ್ಕು ಮಾಡುವುದನ್ನೂ ಕಂಡನು. ಹಸಿ ಮಣ್ಣಿನ ಮೂಸೆಯಲ್ಲಿ ಒಂದು ತುಂಡು ಕಬ್ಬಿಣ, ಅದರ ಜೊತೆಗೆ ತಂಗಡಿಯ ಕಡ್ಡಿ, ಮೇಲೆ ಹಸಿರೆಲೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ಉರಿಯಲ್ಲಿಡುವುದು. ಗಿಡದಲ್ಲಿದ್ದ ಇಂಗಾಲವು ಕಬ್ಬಿಣಕ್ಕೆ ಇಳಿದು ಅದು ಉಕ್ಕಾಗುತ್ತದೆಂದು ಇಂದು ರಸಾಯನಶಾಸ್ತ್ರ ಹೇಳುತ್ತದೆ. ನಮ್ಮ ಬೇಲಿ ಸಾಲಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿಗೆ ಇಂಥ ಘನಕಾರ್ಯವಿತ್ತೆಂದು ನಾನು ಬಹಳ ಕಾಲ ಅರಿತಿರಲಿಲ್ಲ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ, ಅದು ದೂರದೇಶಗಳಿಗೆ ಹೋಗುತ್ತಿದ್ದುದನ್ನೂ ಬುಕಾನನ್ ಬರೆದಿದ್ದಾನೆ. ಎಲ್ಲೆಲ್ಲಿಯೋ ನುಡಿದ ವೀಣೆಗೆ ನಮ್ಮ ನಾಡಿನ ಕುಲುಮೆಯ ತಂತಿ!

ಇಲ್ಲಿ ಭಾಷೆಯವನ ಚಪಲಕ್ಕೆ ಒಂದು ಮಾತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸನು ಹಿಂದೂಸ್ಥಾನದಿಂದ ಬಂದ 'ವೂಟ್ಜ್' ಎಂಬ ಉಕ್ಕನ್ನು ಕುರಿತು ಪ್ರಬಂಧ ಓದಿದನು. ಮುಂದೆ ಮೈಕೇಲ್ ಫ್ಯಾರಡೆಯಂಥವನು ಕೂಡ ಈ ಉಕ್ಕಿನ ಗುಟ್ಟನ್ನು ಹುಡುಕಿದನು. ಈ 'ವೂಟ್ಜ್' ನಮ್ಮ 'ಉಕ್ಕು' ಎಂಬ ಮಾತಿನ ಅಪಭ್ರಂಶವೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಕನ್ನಡದ್ದೋ ತೆಲುಗಿನದೋ ಎಂಬ ಜಗಳ ಬೇಡ. ಎರಡೂ ಭಾಷೆಗಳಲ್ಲಿ ಆ ಮಾತುಂಟು. ಮಾತು ಸಮುದ್ರ ದಾಟಿತು, ಮಾಡಿದವನ ಹೆಸರು ಮಧುಗಿರಿಯನ್ನೂ ದಾಟಲಿಲ್ಲ.

ಇನ್ನು ಮೋಟಾರು ಸೈಕಲ್ಲಿನ ಮಾತಿಗೆ ಬರೋಣ. ಇದು ಕಾರ್ಖಾನೆಯ ಕೂಸೆಂದು ನಾವು ತಿಳಿದಿರುತ್ತೇವೆ. ಹುಟ್ಟಿದ್ದು ಮಾತ್ರ ಒಂದು ಮನೆಯ ಹಿತ್ತಿಲಿನಲ್ಲಿ. ಜರ್ಮನಿಯ ಕಾನ್‌ಸ್ಟಾಟ್ ಎಂಬ ಊರಿನಲ್ಲಿ ಗಾಟ್‌ಲೀಬ್ ಡೈಮ್ಲರನು 1882ರಲ್ಲಿ ಒಂದು ಮನೆ ಕೊಂಡು, ಅದರ ತೋಟದಲ್ಲಿದ್ದ ಗಾಜಿನ ಮನೆಯನ್ನು ಕಾರ್ಯಾಗಾರ ಮಾಡಿಕೊಂಡನು. ಜೊತೆಗೆ ಇದ್ದವನು ವಿಲ್ಹೆಲ್ಮ್ ಮೈಬಾಖ್. ಇಬ್ಬರೂ ಬಾಗಿಲು ಮುಚ್ಚಿಕೊಂಡು ಹಗಲೂ ಇರುಳೂ ಕುಟ್ಟುತ್ತಿದ್ದುದನ್ನು ಕೇಳಿ ತೋಟದ ಮಾಲಿಗೆ ಸಂಶಯ ಬಂತು. ಕಳ್ಳ ನಾಣ್ಯ ಹೊಯ್ಯುತ್ತಿದ್ದಾರೆಂದು ಅವನು ಪೋಲೀಸಿನವರಿಗೆ ದೂರು ಕೊಟ್ಟನಂತೆ. ಅವರು ಬಂದು ಶೋಧಿಸಿದಾಗ ಸಿಕ್ಕಿದ್ದು ಎಂಜಿನ್ನುಗಳು ಮಾತ್ರ. ನನ್ನ ಕೊಟ್ಟಿಗೆಯ ಸದ್ದಿಗೆ ನೆರೆಮನೆಯವರು ಇನ್ನೂ ಅಷ್ಟು ದೂರ ಹೋಗಿಲ್ಲ.

1885ರಲ್ಲಿ ಆ ಗಾಜಿನ ಮನೆಯಿಂದ ಹೊರಬಂದ ವಾಹನದ ಹೆಸರು 'ರೈಟ್‌ವಾಗನ್', ಸವಾರಿ ಗಾಡಿ. ಆ ನವೆಂಬರಿನಲ್ಲಿ ಡೈಮ್ಲರನ ಮಗ ಪೌಲ್ ಅದನ್ನೇರಿ ಪಕ್ಕದ ಊರಿನವರೆಗೆ ಹೋಗಿಬಂದನು. ಎಂಜಿನ್ನಿನ ಶಕ್ತಿ ಅರ್ಧ ಕುದುರೆಯದು. ಉರಿಯುವ ಕೊಳವೆ ಸೀಟಿನ ಕೆಳಗೇ ಇದ್ದುದರಿಂದ ದಾರಿಯಲ್ಲಿ ಸೀಟಿಗೆ ಬೆಂಕಿ ತಗುಲಿದ್ದೂ ಉಂಟು. ನನಗೆ ಹೆಚ್ಚು ಸ್ವಾರಸ್ಯವಾಗಿ ಕಂಡದ್ದು ಬೇರೆ. ಅದರ ಫ್ರೇಮು ಮರದ್ದು, ಚಕ್ರ ಮರದ್ದು, ಚಕ್ರದ ಸುತ್ತ ಕಬ್ಬಿಣದ ಪಟ್ಟೆ. ಎಂದರೆ ನಮ್ಮ ಎತ್ತಿನ ಗಾಡಿಯ ಚಕ್ರವೇ ಸರಿ. ದುದ್ದದ ಕುಲುಮೆಯ ಮುಂದೆ ಆ ಪಟ್ಟೆ ಹಾಕುವುದನ್ನು ನಾನು ಬಾಲ್ಯದಲ್ಲಿ ನೋಡಿದ್ದೇನೆ. ಪಟ್ಟೆಯ ಬಳೆಯನ್ನು ಚಕ್ರದ ಸುತ್ತಳತೆಗಿಂತ ತುಸು ಚಿಕ್ಕದಾಗಿ ಬೆಸೆದು, ನೆಲದ ಮೇಲಿಟ್ಟು, ಸುತ್ತ ಬೆರಣಿ ಜೋಡಿಸಿ ಉರಿ ಹಾಕುವರು. ಕಾದು ಹಿಗ್ಗಿದಾಗ ನಾಲ್ವರು ಇಕ್ಕಳದಿಂದ ಎತ್ತಿ ಚಕ್ರಕ್ಕೆ ತೊಡಿಸುವರು. ಮರ ಹೊಗೆಯಾಡುತ್ತಿರುವಾಗಲೇ ನೀರು ಸುರಿದರೆ ಪಟ್ಟೆ ಕುಗ್ಗಿ, ಒಂದೊಂದು ಕೀಲೂ ಕಿರ್ರೆಂದು ಕೂಗಿ ಬಿಗಿದುಕೊಳ್ಳುತ್ತದೆ. ಎಷ್ಟು ಚಿಕ್ಕದಾಗಿರಬೇಕು? ಹೆಚ್ಚಾದರೆ ಚಕ್ರ ಮುರಿಯುತ್ತದೆ, ಕಡಿಮೆಯಾದರೆ ಬೇಸಗೆಯಲ್ಲಿ ಪಟ್ಟೆ ಕಳಚುತ್ತದೆ. ಈ ಲೆಕ್ಕ ಆಚಾರ್ರ ಬೆರಳಿನಲ್ಲಿತ್ತು. ಮೋಟಾರು ಸೈಕಲ್ಲಿನ ಎಂಜಿನ್ನಿನಲ್ಲಿ ಬೇರಿಂಗನ್ನು ಕೂರಿಸುವಾಗ ಇಂದಿಗೂ ಇದೇ ಉಪಾಯ: ಹೊರಗಿನ ಕವಚವನ್ನು ಕಾಯಿಸಿ ಹಿಗ್ಗಿಸಿ, ಬೇರಿಂಗನ್ನು ಒಳಗಿಳಿಸುವುದು.

ಅಮೆರಿಕದ ಹಾರ್ಲೆ ಡೇವಿಡ್‌ಸನ್ನರ ಕತೆಯೂ ಮಿಲ್ವಾಕಿಯ ಒಂದು ಮನೆಯ ಹಿಂದಿನ ಹಲಗೆಯ ಗುಡಿಸಿಲಿನಲ್ಲೇ ಮೊದಲಾದದ್ದು, 1903ರಲ್ಲಿ. ಗುಡಿಸಿಲು ಹತ್ತಡಿ ಅಗಲ, ಹದಿನೈದಡಿ ಉದ್ದ. ನಮ್ಮ ಕೊಟ್ಟಿಗೆಯೇ ಅದಕ್ಕಿಂತ ದೊಡ್ಡದು. ಆದರೆ ಅಲ್ಲಿನ ಗುಡಿಸಿಲು ಕಾರ್ಖಾನೆಯಾಯಿತು, ಇಲ್ಲಿನ ಕುಲುಮೆ ಕುಲುಮೆಯಾಗಿಯೇ ಉಳಿಯಿತು. ಜಾಣತನದ ಕೊರತೆಯಿಂದ ಹೀಗಾಯಿತೆಂದು ನಾನು ನಂಬಲಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗಿನಲ್ಲಿ ಬಂದಿಳಿದ ಅಗ್ಗದ ಇಂಗ್ಲಿಷ್ ಕಬ್ಬಿಣದ ಮುಂದೆ, ಕಾಡಿನ ಇದ್ದಿಲನ್ನೇ ನಂಬಿದ್ದ ನಮ್ಮ ಕಬ್ಬಿಣದ ಒಲೆಗಳು ಒಂದೊಂದಾಗಿ ಆರಿದವು. ಅದಿರನ್ನು ಕರಗಿಸುವ ವಿದ್ಯೆ ಹೋಯಿತು. ಬಂದ ಕಬ್ಬಿಣವನ್ನು ಬಡಿಯುವ ವಿದ್ಯೆ ಉಳಿಯಿತು. ವಿಶ್ವೇಶ್ವರಯ್ಯನವರ ಶ್ರಮದಿಂದ ಭದ್ರಾವತಿಯಲ್ಲಿ 1923ರಲ್ಲಿ ಮತ್ತೆ ಇದ್ದಿಲಿನಿಂದಲೇ ಕಬ್ಬಿಣ ಹರಿಯುವವರೆಗೆ ಮೈಸೂರು ಸೀಮೆಗೆ ಸ್ವಂತ ಕಬ್ಬಿಣವೆಂಬುದು ಹೆಚ್ಚಾಗಿ ನೆನಪಿನ ಮಾತಾಗಿತ್ತು.

ಕನ್ನಡ ನಾಡಿನಲ್ಲಿ ಮೋಟಾರು ಸೈಕಲ್ಲು ತಯಾರಾದದ್ದು ಮೈಸೂರಿನ ಯಾದವಗಿರಿಯಲ್ಲಿ. ರುಸ್ತುಂ ಇರಾನಿ, ಫರೂಖ್ ಇರಾನಿ ಎಂಬ ಪಾರಸಿ ಉದ್ಯಮಿಗಳು 1960ರಲ್ಲಿ 'ಐಡಿಯಲ್ ಜಾವಾ' ಕಂಪನಿಯನ್ನು ಸ್ಥಾಪಿಸಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಕಾರ್ಖಾನೆಯನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬಂದವು. 'ಜಾವಾ' ಎಂದರೆ ದ್ವೀಪದ ಹೆಸರೆಂದು ನಮ್ಮೂರಿನಲ್ಲಿ ಕೆಲವರು ಇಂದಿಗೂ ತಿಳಿದಿದ್ದಾರೆ. ಚೆಕೊಸ್ಲೊವಾಕಿಯಾದಲ್ಲಿ ಆಯುಧಗಳನ್ನು ಮಾಡುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ನಕ್ಷೆ ಕೊಂಡು ಮೋಟಾರು ಸೈಕಲ್ಲು ಮಾಡತೊಡಗಿದನು. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಹೆಸರಿನ ಮೊದಲೆರಡು ಅಕ್ಷರ ಕೂಡಿಸಿದನು. ಮೈಸೂರಿನಲ್ಲಿ 1973ರಲ್ಲಿ ಹೆಸರು ಬದಲಾಗಿ ಯೆಜ್ಡಿಯಾಯಿತು. ಇದು ಇರಾನಿನ ಯಜ್ದ್ ಪಟ್ಟಣದ ನೆನಪು. ಹೆಸರಿಡುವುದರಲ್ಲಿ ಇವರು ಹೊಯ್ಸಳ ಶಿಲ್ಪಿಗಳಿಗೆ ಕಡಿಮೆಯವರಲ್ಲ.

ಈ ಗಾಡಿಯ ರಚನೆ ಸರಳ, ಬಲು ಗಟ್ಟಿ. ಒಂದೇ ಸಿಲಿಂಡರು, ಆದರೆ ಹೊಗೆಗೆ ಎರಡು ಕೊಳವೆ. ಸಿಲಿಂಡರಿನ ಒಳಗಲ 65 ಮಿಲಿಮೀಟರು, ಪಿಸ್ಟನ್ನಿನ ಓಟ 75; ಗುಣಿಸಿ ನೋಡಿದರೆ ಸುಮಾರು 249 ಘನ ಸೆಂಟಿಮೀಟರಾಗುತ್ತದೆ. ಎರಡು ಓಟದ ಎಂಜಿನ್ನಾದ್ದರಿಂದ ವಾಲ್ವುಗಳ ರಗಳೆಯಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರಸಿ ಹೊಯ್ದರೆ ಸಾಕು. ಒದ್ದು ಎಬ್ಬಿಸುವುದಕ್ಕೂ ಗೇರು ಬದಲಿಸುವುದಕ್ಕೂ ಒಂದೇ ಸನ್ನೆ. ಹಳ್ಳಿಯ ಮೆಕ್ಯಾನಿಕ್ಕು ಹೊಂಗೆ ಮರದ ಕೆಳಗೆ ಗೋಣಿ ಹಾಸಿ ಇಡೀ ಎಂಜಿನ್ನನ್ನು ಬಿಚ್ಚಿ ಸಂಜೆಯೊಳಗೆ ಕೂಡಿಸಬಲ್ಲವನಾಗಿದ್ದುದಕ್ಕೆ ಕಾರಣ ಈ ಸರಳತೆಯೇ. 1985ರಲ್ಲಿ ಬಂದ ಹೀರೊ ಹೋಂಡಾ ಮೊದಲಾದ ಹಗುರ ಗಾಡಿಗಳು ಪೆಟ್ರೋಲಿನ ಉಳಿತಾಯದಿಂದ ಜನರನ್ನು ಸೆಳೆದುವು. ಹೊಗೆಯ ಮೇಲಿನ ಕಾಯಿದೆಗಳೂ ಬಿಗಿಯಾದುವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. 2018ರಲ್ಲಿ ಮತ್ತೊಂದು ಕಂಪನಿ ಜಾವಾ ಹೆಸರನ್ನು ಮರಳಿ ತಂದಿತಾದರೂ ಆ ಗಾಡಿ ಬೇರೆ, ಅದರ ಎಂಜಿನ್ನೂ ಬೇರೆ.

ಕಾರ್ಖಾನೆ ಮುಚ್ಚಿದ ಮೇಲೂ ಗಾಡಿಗಳು ಓಡುತ್ತಲೇ ಇದ್ದುದು ಹೇಗೆ? ಇಲ್ಲಿಯೇ ನನಗೆ ಬೇಕಾದ ಚರಿತ್ರೆ ಇದೆ. ಬಿಡಿಭಾಗ ಸಿಕ್ಕದಾಗ ಅದನ್ನು ಲೇತಿನ ಮೇಲೆ ಕಡೆದು ಕೊಟ್ಟವರು, ಮುರಿದ ಕಿಕ್ ಸನ್ನೆಯನ್ನು ಬೆಸೆದವರು, ಸವೆದ ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನ್ನು ಕೂರಿಸಿದವರು, ಒಂದೊಂದು ಪಟ್ಟಣದಲ್ಲೂ ಇಬ್ಬರು ಮೂವರಿದ್ದರು. ಕಂಪನಿಯ ಚರಿತ್ರೆಯಲ್ಲಿ ಮೊದಲ ವರ್ಷವೂ ಕೊನೆಯ ವರ್ಷವೂ ಇರುತ್ತದೆ. ಇವರ ಕೆಲಸಕ್ಕೆ ಅಂಥ ಇಸವಿಗಳಿಲ್ಲ.

ನನಗೆ ಗುರುಗಳಾಗಿ ದೊರೆತವರು ಇಬ್ಬರು. ಒಬ್ಬರು ಯಾದವಗಿರಿಯಲ್ಲಿ ಫಿಟ್ಟರಾಗಿದ್ದು ಈಗ ಹಾಸನದಲ್ಲಿ ಮಗನ ಮನೆಯಲ್ಲಿರುವ ವೃದ್ಧರು. ಅವರನ್ನು ಯಜಮಾನರೆಂದೇ ಕರೆಯುತ್ತೇನೆ. ಮತ್ತೊಬ್ಬರು ದುದ್ದದ ಕುಲುಮೆಯ ಆಚಾರ್ರು. ಯಜಮಾನರು ಮೊದಲ ಎರಡು ತಿಂಗಳು ಮೋಟಾರು ಸೈಕಲ್ಲನ್ನು ಮುಟ್ಟಗೊಡಲಿಲ್ಲ. ಅಂಗೈಯಷ್ಟು ಕಬ್ಬಿಣದ ತುಂಡನ್ನು ವೈಸಿನಲ್ಲಿ ಕಚ್ಚಿಸಿ, ಅರ ಕೈಗೆ ಕೊಟ್ಟು, ಮಟ್ಟಸ ಮಾಡಿರೆಂದರು. ಕಿಟಕಿಯ ದಪ್ಪ ಗಾಜಿನ ಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರಬೇಕು; ಅರ ಹಾಕಿದ ಮುಖವನ್ನು ಅದರ ಮೇಲೆ ಒತ್ತಿ ತೆಗೆದರೆ ಉಬ್ಬಿದ ಕಡೆಗೆಲ್ಲ ಕಪ್ಪು ಹತ್ತುತ್ತದೆ. ಆ ಕಪ್ಪನ್ನಷ್ಟೇ ಉಜ್ಜಬೇಕು, ಮತ್ತೆ ಒತ್ತಬೇಕು. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಭಾರ, ಹಿಂದಕ್ಕೆಳೆಯುವಾಗ ಹಗುರ. ಕೈಯಷ್ಟೇ ಆಡಿದರೆ ಮುಖ ದುಂಡಗಾಗುತ್ತದೆ; ಪಾದದಿಂದ ತೋಳಿನವರೆಗೆ ಇಡೀ ಮೈ ತೂಗಬೇಕು. ಛಂದಸ್ಸನ್ನು ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಲಯವೆಂದರೇನೆಂದು ಹೊಸದಾಗಿ ತಿಳಿಯಿತು.

ಆಚಾರ್ರ ಪಾಠ ಕಣ್ಣಿನದು. ಕುಲುಮೆ ಕತ್ತಲಾಗಿರುವುದಕ್ಕೆ ಬಡತನವೇ ಕಾರಣವೆಂದು ನಾನೂ ಎಣಿಸಿದ್ದೆ. ಅವರು ನಕ್ಕು, "ಬಿಸಿಲಲ್ಲಿ ಬಣ್ಣ ಕಾಣ್ತದಾ ಮೇಷ್ಟ್ರೇ?" ಎಂದರು. ಕಾದ ಕಬ್ಬಿಣದ ಬಣ್ಣವೇ ಅವರ ಉಷ್ಣಮಾಪಕ. ಮಬ್ಬುಗೆಂಪು ಕಂಡರೆ ಸುಮಾರು 600 ಡಿಗ್ರಿ ಸೆಲ್ಸಿಯಸ್, ಹಣ್ಣುಗೆಂಪಿಗೆ 750ರ ಆಸುಪಾಸು, ಕಿತ್ತಳೆಗೆ 950, ಹಳದಿಗೆ 1100. ಬೆಳ್ಳಗೆ ಕಿಡಿ ಹಾರುವಂತಾದರೆ 1300. ಆಗ ಎರಡು ತುಂಡುಗಳನ್ನು ಅಡಿಗಲ್ಲಿನ ಮೇಲೆ ಹೊಡೆದರೆ ಒಂದಾಗುತ್ತವೆ. ಈ ಅಂಕಿಗಳು ಪುಸ್ತಕದವು. ಆಚಾರ್ರಿಗೆ ಅವು ಬೇಕಿಲ್ಲ. 770 ಡಿಗ್ರಿ ದಾಟಿದ ಕಬ್ಬಿಣವನ್ನು ಅಯಸ್ಕಾಂತ ಹಿಡಿಯುವುದಿಲ್ಲವೆಂದು ಓದಿ, ನಾನು ಅಯಸ್ಕಾಂತವೊಂದನ್ನು ತಂದು ಪರೀಕ್ಷಿಸಿದೆ. ಆಚಾರ್ರು "ಈಗ" ಎಂದು ಹೇಳಿದ ಕ್ಷಣಕ್ಕೂ ಅಯಸ್ಕಾಂತ ಜಾರಿದ ಕ್ಷಣಕ್ಕೂ ಅಂತರವಿರಲಿಲ್ಲ.

ಹದ ಹಾಕುವುದು ಇನ್ನೂ ಸೂಕ್ಷ್ಮ. ಕೆಂಪಗೆ ಕಾದ ಉಕ್ಕಿಗೆ ನೀರು ಕುಡಿಸಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಮುರಿಯುತ್ತದೆ. ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸಿದರೆ ಮೈಮೇಲೆ ಬಣ್ಣಗಳು ಹರಿಯುತ್ತವೆ: 220 ಡಿಗ್ರಿಯ ಸುಮಾರಿಗೆ ಒಣಹುಲ್ಲಿನ ಬಣ್ಣ, 280ಕ್ಕೆ ನೇರಳೆ, 300ಕ್ಕೆ ನೀಲಿ. ಅಲಗಿಗೆ ಹುಲ್ಲಿನ ಬಣ್ಣದಲ್ಲಿ ನಿಲ್ಲಿಸಬೇಕು, ಬಾಗಿ ಚಿಮ್ಮುವ ಸ್ಪ್ರಿಂಗಿಗೆ ನೀಲಿಯಲ್ಲಿ. ನನ್ನ ಗಾಡಿಯ ಪಕ್ಕದ ನಿಲುಗಾಲಿಗೆ ಬೇಕಾದ ಕೊಕ್ಕೆಯನ್ನು ಆಚಾರ್ರು ಲಾರಿಯ ಸ್ಪ್ರಿಂಗ್ ಪಟ್ಟೆಯ ತುಂಡಿನಿಂದ ಮಾಡಿಸಿದರು. ಈ ಪಟ್ಟೆ ನಮ್ಮ ಕುಲುಮೆಗಳಿಗೆ ಹೊಸದಲ್ಲ. ಲಾರಿಗಳು ಮುರಿದು ಬಿಟ್ಟ ಸ್ಪ್ರಿಂಗೇ ಎಷ್ಟೋ ಕಾಲದಿಂದ ಮಚ್ಚು ಕುಡುಗೋಲುಗಳಾಗಿ ಗದ್ದೆಗಿಳಿಯುತ್ತ ಬಂದಿದೆ. ಮೋಟಾರು ಕುಲುಮೆಗೆ ಬಂದದ್ದು ಹಳೆಯ ಕತೆ. ನಾನು ಅದೇ ದಾರಿಯಲ್ಲಿ ಎದುರು ನಡೆಯುತ್ತಿದ್ದೇನೆ, ಅಷ್ಟೆ.

ಹ್ಯಾಂಡಲಿನ ಕೊಳವೆಯನ್ನು ಬಾಗಿಸುವುದಕ್ಕೆ ಒಳಗೆ ಮರಳು ತುಂಬಿ ಎರಡು ತುದಿಗೂ ಬಿರಡೆ ಹಾಕಬೇಕು, ಇಲ್ಲವಾದರೆ ತಿರುವಿನಲ್ಲಿ ಚಪ್ಪಟೆಯಾಗುತ್ತದೆ. ಮರಳನ್ನು ಬಾಣಲೆಯಲ್ಲಿ ಹುರಿದು ಪೂರಾ ಒಣಗಿಸಿರಬೇಕು. ತೇವ ಉಳಿದರೆ ಆವಿಯಾಗಿ ಬಿರಡೆ ಗುಂಡಿನಂತೆ ಹಾರುತ್ತದೆ. ಟಾಂಕಿಯ ಕೆಲಸ ಆರು ತಿಂಗಳು ಹಿಡಿಯಿತು. ಹದಿನೆಂಟು ಗೇಜಿನ ತಗಡನ್ನು ಹುಣಿಸೆಯ ಕೊರಡಿನಲ್ಲಿ ತೋಡಿದ ಗುಳಿಯ ಮೇಲಿಟ್ಟು ಮರದ ಕೊಡತಿಯಿಂದ ಅಂಚಿನಿಂದ ನಡುವಿಗೆ ತಟ್ಟುತ್ತ ಹೋಗುವುದು. ಬಡಿದಷ್ಟೂ ತಗಡು ಬಿರುಸಾಗುತ್ತದೆ. ಕೆಂಪಗೆ ಕಾಯಿಸಿ ತಾನಾಗಿ ಆರಲು ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಎಡಬಲದ ಎರಡು ಚಿಪ್ಪುಗಳು ಒಂದರ ಕನ್ನಡಿಯಂತೆ ಮತ್ತೊಂದಿರಬೇಕು. ಬೆಸುಗೆಯಾದ ಮೇಲೆ ಕೂಡುಗೆರೆಯ ಹೊರಗೆ ಸೀಮೆಸುಣ್ಣ ಬಳಿದು ಒಳಗೆ ಸೀಮೆಎಣ್ಣೆ ತುಂಬಿಸಿದರೆ, ಸೂಜಿಯಷ್ಟು ತೂತಿದ್ದರೂ ಸುಣ್ಣದ ಮೇಲೆ ಒದ್ದೆ ಮೂಡುತ್ತದೆ. ಸೀಮೆಸುಣ್ಣ ನನ್ನ ಬಳಿ ಧಾರಾಳವಾಗಿತ್ತು. ಈಗ ಟಾಂಕಿ 13 ಲೀಟರು ಹಿಡಿಯುತ್ತದೆ.

ಮನೆಯ ಕೆಲಸದಿಂದ ಏನಾದೀತೆಂದು ಕೇಳುವವರಿಗೆ ನ್ಯೂಜಿಲೆಂಡಿನ ಬರ್ಟ್ ಮನ್ರೊನನ್ನು ನೆನಪಿಸುತ್ತೇನೆ. 1920ರ 'ಇಂಡಿಯನ್ ಸ್ಕೌಟ್' ಎಂಬ ಗಾಡಿ (ಹೆಸರಿಗೆ ಇಂಡಿಯನ್, ಹುಟ್ಟಿದ್ದು ಅಮೆರಿಕದಲ್ಲಿ) ಅವನ ಬಳಿ ಇತ್ತು. ಇನ್ವರ್‌ಕಾರ್ಗಿಲ್ ಊರಿನ ತನ್ನ ಗುಡಿಸಿಲಿನಲ್ಲಿ ಹಳೆಯ ಡಬ್ಬಿಗಳನ್ನು ಅಚ್ಚು ಮಾಡಿಕೊಂಡು ಪಿಸ್ಟನ್ನು ಎರಕ ಹೊಯ್ಯುತ್ತ, ಅರದಿಂದ ಉಜ್ಜುತ್ತ ದಶಕಗಳನ್ನೇ ಕಳೆದನು. ಅರುವತ್ತೆಂಟರ ವಯಸ್ಸಿನಲ್ಲಿ, 1967ರಲ್ಲಿ, ಬಾನ್‌ವಿಲ್ಲಿನ ಉಪ್ಪು ಬಯಲಿನಲ್ಲಿ ಅದನ್ನು ಗಂಟೆಗೆ 183 ಮೈಲಿಗೂ ಮಿಗಿಲಾದ ವೇಗದಲ್ಲಿ ಓಡಿಸಿ ತನ್ನ ವರ್ಗದ ದಾಖಲೆ ಸ್ಥಾಪಿಸಿದನು. ಅವನ ಅದೃಷ್ಟ ಒಳ್ಳೆಯದು, ಮಾಡಿದವನೇ ಓಡಿಸಿದವನೂ ಆದ್ದರಿಂದ ಹೆಸರು ಉಳಿಯಿತು. 1969ರ 'ಈಸಿ ರೈಡರ್' ಚಿತ್ರದಲ್ಲಿ ಬಂದ ಉದ್ದ ಮೂತಿಯ ಗಾಡಿಗಳನ್ನು ಲೋಕವೆಲ್ಲ ಕಂಡಿತು. ಅವನ್ನು ಕಟ್ಟಿದ ಲಾಸ್ ಏಂಜಲೀಸಿನ ಕರಿಯ ಕುಶಲಿಗಳಾದ ಬೆನ್ ಹಾರ್ಡಿ, ಕ್ಲಿಫರ್ಡ್ ವಾಘ್ಸ್ ಅವರ ಹೆಸರು ಚಿತ್ರದಲ್ಲಿ ಬರಲಿಲ್ಲ. ದಶಕಗಳು ಕಳೆದ ಮೇಲೆ ಬೇರೆಯವರು ಹುಡುಕಿ ಹೇಳಬೇಕಾಯಿತು. ನಮ್ಮ ಉಳಿಯ ಕಮ್ಮಾರನ ಕತೆ ಚಲನಚಿತ್ರದ ಯುಗದಲ್ಲೂ ನಡೆಯಿತೆನ್ನಬೇಕು.

ಇನ್ನೊಂದು ಅಡ್ಡಿಯ ಮಾತು ಹೇಳದೆ ವಿಧಿಯಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಇದನ್ನು ಇನ್ನಷ್ಟು ಖಚಿತಪಡಿಸಿತು. ಬೀದಿಯಲ್ಲಿ ನಡೆಯುವ ಮಕ್ಕಳ ಪ್ರಾಣದ ಪ್ರಶ್ನೆಯಾದ್ದರಿಂದ ಕಾಯಿದೆಯನ್ನು ನಾನು ಹಳಿಯಲಾರೆ. ಕಿವಿ ಕಿವುಡಾಗುವಂತೆ ಸೈಲೆನ್ಸರು ಕಿತ್ತು ಓಡಿಸುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಆದರೆ ಬ್ರಿಟನ್ನಿನಲ್ಲಿ ಒಬ್ಬನು ಮನೆಯಲ್ಲಿ ಕಟ್ಟಿದ ಒಂದೇ ಒಂದು ಮೋಟಾರು ಸೈಕಲ್ಲನ್ನು ಸರಕಾರದ ಪರೀಕ್ಷಕರು ಬ್ರೇಕು, ದೀಪ, ಸದ್ದು ಎಲ್ಲವನ್ನೂ ನೋಡಿ ಒಪ್ಪುವ ಪದ್ಧತಿಯುಂಟು. ಅಂಥ ಬಾಗಿಲೊಂದು ನಮ್ಮಲ್ಲಿಯೂ ಇದ್ದರೆ ಎಷ್ಟೋ ಕೊಟ್ಟಿಗೆಗಳ ಕೆಲಸಕ್ಕೆ ಮರ್ಯಾದೆ ಬಂದೀತು. ಡೈಮ್ಲರನು ಇಂದು ಹಾಸನದ ಸಾರಿಗೆ ಕಚೇರಿಗೆ ತನ್ನ ಮರದ ಗಾಡಿಯನ್ನು ತಂದರೆ ಅದನ್ನು ಯಾವ ಪಟ್ಟಿಗೆ ಸೇರಿಸುವುದು? ನನ್ನ ಗಾಡಿ ಸದ್ಯಕ್ಕೆ ನಮ್ಮ ತೋಟದೊಳಗಿನ ದಾರಿಯಲ್ಲಿ, ತೆಂಗಿನ ಸಾಲುಗಳ ನಡುವೆ, ಓಡುತ್ತದೆ.

ಕುಲುಮೆಯಲ್ಲಿ ಕೇಳಿದ ಮಾತುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆಯುತ್ತ ಬಂದಿದ್ದೇನೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೂ ನೋಡುತ್ತೇನೆ. ತಿದಿ, ಮೂಸೆ, ಇಕ್ಕಳ, ಚಮ್ಮಟಿಗೆ ಇವೆಲ್ಲ ವಿದ್ವಾಂಸರ ಸೊತ್ತಾಗಿಯೂ ಉಳಿದಿವೆ. ಮೊಂಡಾದ ಕುಡುಗೋಲನ್ನು ಮತ್ತೆ ಚೂಪು ಮಾಡಿಸುವುದಕ್ಕೆ ನಮ್ಮ ಆಚಾರ್ರು 'ಹಣಿಸುವುದು' ಎನ್ನುತ್ತಾರೆ. ಅರಕಲಗೂಡಿನ ಕಡೆಯಿಂದ ಬಂದ ಅವರ ಬೀಗರು 'ತಟ್ಟಿಸುವುದು' ಎಂದರು. ಎರಡೂ ಒಂದೇ ತಾನೆ ಎಂದೆ. ಆಚಾರ್ರು ಒಪ್ಪಲಿಲ್ಲ. "ಕುಳ ತಟ್ಟಿಸ್ತಾರೆ, ಕುಡ್ಲು ಹಣಿಸ್ತಾರೆ. ಪೆಟ್ಟು ಬ್ಯಾರೆ ಮೇಷ್ಟ್ರೇ" ಎಂದು ಸುತ್ತಿಗೆ ಎತ್ತಿ ಎರಡನ್ನೂ ಮಾಡಿ ತೋರಿಸಿದರು. ಒಂದು ಪೆಟ್ಟು ನೇರ ಬೀಳುತ್ತದೆ, ಇನ್ನೊಂದು ಬಿದ್ದು ಅಂಚಿನ ಕಡೆಗೆ ಜಾರುತ್ತದೆ. ಅವರ ಮಗ ಹಾಸನದಲ್ಲಿ ಗೇಟು ಕಿಟಕಿಗಳ ವೆಲ್ಡಿಂಗು ಅಂಗಡಿ ಇಟ್ಟಿದ್ದಾನೆ. ಕುಲುಮೆಯಲ್ಲಿ ತಿದಿಯ ಜಾಗಕ್ಕೆ ಕರೆಂಟಿನ ಬೀಸಣಿಗೆ ಬಂದು ವರ್ಷಗಳಾದುವು. ಆಚಾರ್ರು ಈಗ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶನಿವಾರ, ಬೆಂಕಿ ಹಾಕುತ್ತಾರೆ. ಆ ಶನಿವಾರ ಕಾಲೇಜಿನಿಂದ ಬೇಗ ಬರಲು ಅನುಕೂಲವಾಗುವಂತೆ ನನ್ನ ಪಾಠದ ವೇಳೆಯನ್ನು ಬೆಳಗಿನ ಮೊದಲ ಗಂಟೆಗೆ ಹಾಕಿಸಿಕೊಂಡಿದ್ದೇನೆ.